ಮನೆಯಂಗಳಕ್ಕೆ ಬಂದ ಆಫ್ರಿಕಾದ ಬಸವನಹುಳು



ಮಳೆಗಾಲ ಆರಂಭವಾದೊಡನೆ ದೇಶದ ಅನೇಕ ಕಡೆಗಳಲ್ಲಿ ಕೈತೋಟ ಹಾಗೂ ಗೋಡೆಗಳ ಮೇಲೆ ಕಂದುಪಟ್ಟೆಯ ದೊಡ್ಡ ಬಸವನಹುಳುಗಳು ಕಾಣಿಸಿಕೊಳ್ಳುತ್ತವೆ. ಇವುಗಳ ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಮಾರಿಷಸ್‌ನಿಂದ ತಂದ ಕೆಲವು ಹುಳುಗಳನ್ನು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟದ್ದೇ ಭಾರತದಲ್ಲಿ ಇವುಗಳ ಹರಡುವಿಕೆಗೆ ನಾಂದಿಯಾಯಿತು.

ಮಳೆಗಾಲವೇ ಇವುಗಳ ಸಂತಾನೋತ್ಪತ್ತಿಯ ಕಾಲ. ಪ್ರತಿಯೊಂದು ಹುಳುವೂ ಉಭಯಲಿಂಗಿಯಾಗಿದ್ದು, ತೇವವಾದ ಮಣ್ಣಿನಲ್ಲಿ ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಒಮ್ಮೆ ಕೂಡಿದ ಹುಳು ವೀರ್ಯವನ್ನು ಹಲವು ತಿಂಗಳು ಕಾಯ್ದಿರಿಸಿಕೊಳ್ಳುವುದರಿಂದ, ಕುಂಡದ ಮಣ್ಣಿನೊಡನೆ ಬಂದ ಒಂದೇ ಹುಳು ಇಡೀ ಅಂಗಳವನ್ನು ವ್ಯಾಪಿಸಲು ಸಾಕು. ಪಪ್ಪಾಯಿ, ಬಾಳೆ, ತರಕಾರಿ ಸಸಿಗಳು ಇವುಗಳಿಗೆ ಆಹಾರ. ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ಗೋಡೆಯನ್ನೂ ಕೆರೆಯುತ್ತವೆ.

ಇವುಗಳಲ್ಲಿರಬಹುದಾದ ಒಂದು ಪರೋಪಜೀವಿ ಹುಳವು ಮನುಷ್ಯರಲ್ಲಿ ಮಿದುಳುಪೊರೆಯ ಉರಿಯೂತವನ್ನುಂಟುಮಾಡಬಲ್ಲದು. ಆದ್ದರಿಂದ ಬರಿಗೈಯಿಂದ ಮುಟ್ಟಬಾರದು; ಮಕ್ಕಳು ಇವುಗಳೊಡನೆ ಆಡದಂತೆ ನೋಡಿಕೊಳ್ಳಬೇಕು; ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಬೇಕು.

ನಿವಾರಣೋಪಾಯವು ಸರಳವಾದುದು. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಅಥವಾ ಎಲೆಕೋಸಿನ ಎಲೆಗಳನ್ನಿರಿಸಿದರೆ ಹುಳುಗಳು ಅಲ್ಲಿ ಸೇರುತ್ತವೆ. ಬೆಳಗ್ಗೆ ಕೈಗವಸು ಧರಿಸಿ ಆಯ್ದು, ಗಟ್ಟಿ ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಸತ್ತ ಬಳಿಕ ಆಳವಾಗಿ ಹೂಳಬೇಕು. ಗಿಡದ ಬುಡಕ್ಕೆ ಉಪ್ಪು ಹಾಕಿದರೆ ಗಿಡವೇ ಒಣಗುತ್ತದೆ. ಮಣ್ಣನ್ನು ಸಡಿಲಿಸಿ ಮೊಟ್ಟೆಗಳನ್ನು ತೆಗೆದು ನಾಶಪಡಿಸುವುದೂ, ಕಸದ ರಾಶಿಗಳನ್ನು ತೆರವುಗೊಳಿಸುವುದೂ ಅವಶ್ಯಕ.

ಒಂದು ಮನೆಯವರು ಆಯ್ದು, ನೆರೆಯವರು ಸುಮ್ಮನಿದ್ದರೆ ಹುಳುಗಳು ಮರಳಿ ಬರುತ್ತವೆ. ಬೀದಿಯವರೆಲ್ಲರೂ ಒಂದಾಗಿ, ಮೊದಲ ಮಳೆಯಿಂದಲೇ ಈ ಕಾರ್ಯವನ್ನು ಕೈಗೊಳ್ಳುವುದು ಶ್ರೇಯಸ್ಕರ.