ಪೆಪ್ಪರ್‌ಮಿಂಟಿನ ಕಾಗದ

ನಿಮ್ಮ ಮನೆಯ ಹಳೆಯ ರೇಡಿಯೋ ಬಿಚ್ಚಿದರೆ ಒಳಗೊಂದು ಕಪ್ಪು ಕಡ್ಡಿ ಕಾಣುತ್ತದೆ. ಅದೇ ಫೆರೈಟ್, ಕಬ್ಬಿಣದ ಆಕ್ಸೈಡಿಗೆ ಸತು, ನಿಕ್ಕಲ್‌ನಂಥ ಲೋಹ ಬೆರೆಸಿ ಸುಟ್ಟು ಮಾಡಿದ್ದು. ಮಧ್ಯಮ ತರಂಗವನ್ನು ಹಿಡಿದುಕೊಡುವುದು ಅದರ ಕೆಲಸ.

ಈ ಜಾತಿಯ ವಸ್ತುವನ್ನು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣ ಕಣವಾಗಿಸಿದರೆ ಅದು ಔಷಧವೂ ಆಗುತ್ತದೆ. 2010ರಲ್ಲಿ ಯುರೋಪಿನಲ್ಲಿ, ಮೆದುಳಿನ ಗಡ್ಡೆಗೆ ಕಬ್ಬಿಣದ ಆಕ್ಸೈಡಿನ ಕಣ ಸೇರಿಸಿ, ಹೊರಗಿನ ಕಾಂತಕ್ಷೇತ್ರದಿಂದ ಅದನ್ನು ಕಾಯಿಸುವ ಚಿಕಿತ್ಸೆಗೆ ಅನುಮತಿ ಸಿಕ್ಕಿತು.

ಕಣಗಳನ್ನು ತಯಾರಿಸುವಾಗ ಕುಲುಮೆಯಲ್ಲಿ ಕಾಯಿಸಿದರೆ ಒಳಗಿನ ಹರಳು ಅಚ್ಚುಕಟ್ಟಾಗಿ ಕಾಂತಗುಣ ಏರುತ್ತದೆ. ಆದರೆ ಬೇಸಗೆಯಲ್ಲಿ ಡಬ್ಬಿಯೊಳಗಿನ ಪೆಪ್ಪರ್‌ಮಿಂಟಿನಂತೆ ಅವು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಪೆಪ್ಪರ್‌ಮಿಂಟಿಗೆ ಕಾಗದ ಸುತ್ತಿದಂತೆ ಪ್ರತಿ ಕಣಕ್ಕೂ ಸಿಲಿಕಾ, ಅಂದರೆ ಮರಳಿನ ದ್ರವ್ಯದ ತೆಳು ಹೊದಿಕೆ ಹಾಕಿದರೆ ಅಂಟುವುದು ಬಹಳಮಟ್ಟಿಗೆ ತಪ್ಪುತ್ತದೆ.

ಬೆರಕೆಯ ಲೆಕ್ಕವೂ ಉಂಟು. ಬರೀ ಮ್ಯಾಗ್ನೆಟೈಟ್ ತನ್ನ ಕಾಂತಗುಣವನ್ನು ಬಿಡುವುದು ಸುಮಾರು 580 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಫೆರೈಟಿಗೆ ಸತು ಹೆಚ್ಚಿಸಿದಂತೆ ಈ ಮಿತಿ ಇಳಿಯುತ್ತದೆ. ಗಡ್ಡೆಗೆ ಬೇಕಾದ ಕಾವು ಸುಮಾರು 43 ಡಿಗ್ರಿ. ತೀರಾ ಮೀರಿದರೆ ಪಕ್ಕದ ಒಳ್ಳೆಯ ಮೆದುಳೂ ಬೇಯುತ್ತದೆ. ಸತುವಿನ ಪ್ರಮಾಣ ಸರಿಹೊಂದಿಸಿ, ಕಾವು ತಾನಾಗಿ ನಿಲ್ಲುವ ಕಣ ಮಾಡುವುದೇ ವಿಜ್ಞಾನಿಗಳ ಪ್ರಯತ್ನ.

ನಾನಿದ್ದ ಬ್ಯಾಂಕಿನಲ್ಲಿ ಒಂದು ಪೈಸೆ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ ತಾಳೆಯಾಗಬೇಕಾದದ್ದು ಒಂದು ಜೀವ.