ಅಂಗೈಯಲ್ಲಿ ರೋಗಲಕ್ಷಣ

ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ, ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಉಂಟು. ಅದುರಬಾರದ ಕಣ್ಣು ಅದುರಿದರೆ ನಮ್ಮ ಅಜ್ಜಿಯರು ದೇವರಿಗೆ ಒಂದು ಕಾಯಿ ಹರಸಿಕೊಂಡು ಸುಮ್ಮನಾಗುತ್ತಿದ್ದರು. ರೆಪ್ಪೆಯೂ ಎರಡು ದಿನ ಅದುರಿ ತಾನೇ ಸುಮ್ಮನಾಗುತ್ತಿತ್ತು. ಈಗ ಹಾಗಲ್ಲ. ರೆಪ್ಪೆ ಅದುರಿದ ಮರುಗಳಿಗೆಯೇ ಕೈ ಮೊಬೈಲಿಗೆ ಹೋಗುತ್ತದೆ. ನಿದ್ದೆಗೆಟ್ಟದ್ದು, ದಣಿದದ್ದು, ಕಾಫಿ ಹೆಚ್ಚಾದದ್ದು ಕಾರಣವಿರಬಹುದೆಂದು ಮೊದಲ ಸಾಲೇ ಹೇಳುತ್ತದೆ, ನಿಜ. ಆದರೆ ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ನಾಲ್ಕಾರು ಸಾಲು ಕೆಳಗೆ, ನರಗಳು ಸೊರಗಿ ಸ್ನಾಯುಗಳು ಕರಗುವ, ಗುಣಪಡಿಸಲಾಗದ ರೋಗವೊಂದರ ಹೆಸರಿರುತ್ತದೆ. ಆ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆ ಬಾರದ್ದರಿಂದ ಮರುದಿನ ರೆಪ್ಪೆ ಇನ್ನಷ್ಟು ಅದುರುತ್ತದೆ!

ಇದು ಬೆಂಗಳೂರಿನವರ ಬೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನ ಅಮೃತೂರನ್ನೇ ತೆಗೆದುಕೊಳ್ಳಿ. ತೆಂಗು, ರಾಗಿಗಳ ಸೀಮೆ. ಮಾರ್ಕೋನಹಳ್ಳಿ ಜಲಾಶಯ ಅಲ್ಲಿಗೆ ದೂರವಲ್ಲ. ಅಲ್ಲಿಯ ಯಜಮಾನರೊಬ್ಬರಿಗೆ ರಾತ್ರಿ ಊಟವಾದ ಮೇಲೆ ಎದೆ ಉರಿ ಬಂತೆಂದು ಇಟ್ಟುಕೊಳ್ಳೋಣ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗ ಇದ್ದಾನೆ. ಮೊಬೈಲು ನೋಡಿ, "ತಾತ, ಇದು ಹಾರ್ಟಿಂದೂ ಇರಬಹುದಂತೆ" ಎನ್ನುತ್ತಾನೆ. "ಇನ್ನೇನು ಬರೆದವ್ರೋ, ಓದ್ಲಾ" ಎನ್ನುತ್ತಾರೆ ತಾತ. ಅವನು ಓದುತ್ತ ಹೋಗುತ್ತಾನೆ, ಇವರು ಬೆವರುತ್ತ ಹೋಗುತ್ತಾರೆ.

ಇಲ್ಲಿ ನಡೆದದ್ದೇನು? ಮೊದಲನೆಯದಾಗಿ, ಮಾತು ಕೈಬದಲಾಯಿತು. ಎದೆ ಉರಿ ಎಂದರೆ ಹೊಟ್ಟೆಯ ಹುಳಿ ಮೇಲಕ್ಕೆ ಬಂದದ್ದೆಂದು ನಮ್ಮ ಕಡೆಯ ಯಾವ ಅಡುಗೆಮನೆಯಲ್ಲಾದರೂ ಹೇಳುತ್ತಾರೆ. ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೇಳುವಾಗ ಅದು 'ಎದೆಯಲ್ಲಿ ನೋವು' ಆಗಿಬಿಡುತ್ತದೆ. ನಮ್ಮ 'ಸುಸ್ತು' ಎಂಬ ಮಾತೂ ಹೀಗೆಯೇ. ಗದ್ದೆ ಕೆಲಸದ ಸುಸ್ತು, ಜ್ವರ ಬಿಟ್ಟ ಮೇಲಿನ ಸುಸ್ತು, ಮನಸ್ಸಿಗೆ ಬೇಸರವಾದಾಗಿನ ಸುಸ್ತು, ಎಲ್ಲವೂ ನಮಗೆ ಬೇರೆ ಬೇರೆ. ಹೇಳುವವರ ದನಿಯಲ್ಲೇ ಗೊತ್ತಾಗುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ ಶಬ್ದ. ಆ ಶಬ್ದದ ಕೆಳಗೆ ರಕ್ತಹೀನತೆಯಿಂದ ಹಿಡಿದು ರಕ್ತದ ಕ್ಯಾನ್ಸರಿನ ತನಕ ಪಟ್ಟಿ ಇರುತ್ತದೆ. ಕೂತು ಕೂತು ಕಾಲು ಜೋಮು ಹಿಡಿದದ್ದು ಲಕ್ವದ ಮುನ್ಸೂಚನೆಯಾಗುತ್ತದೆ. 'ಸಂಕಟ' ಎಂಬುದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸುವುದೋ, ನನಗಂತೂ ತಿಳಿಯದು. ವೈದ್ಯರಾದರೆ, "ಉರಿ ಊಟಕ್ಕೆ ಮುಂಚೆಯೋ, ಆಮೇಲೋ? ನಡೆದಾಗ ಹೆಚ್ಚುತ್ತದೆಯೋ, ಮಲಗಿದಾಗಲೋ? ರಾತ್ರಿ ಏನು ತಿಂದಿರಿ?" ಎಂದು ಕೇಳುತ್ತಾರೆ. ಈಚಿನ ಮಾತನಾಡುವ ಯಂತ್ರಗಳೂ ಇಂಥ ಪ್ರಶ್ನೆ ಕೇಳಬಲ್ಲವು. ಆದರೆ ಹೊಟ್ಟೆ ಒತ್ತಿ ನೋಡಲಾರವು.

ಎರಡನೆಯದು ಲೆಕ್ಕದ ಮಾತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ಮತ್ತು ಸುತ್ತಣ ಹಳ್ಳಿಗಳ ಸುಮಾರು 2,300 ಜನರನ್ನು ವಿಚಾರಿಸಿ, ತಲೆನೋವಿನ ಬಗ್ಗೆ ಒಂದು ವರದಿಯನ್ನು 2015ರಲ್ಲಿ ಪ್ರಕಟಿಸಿದರು. ಒಂದು ವರ್ಷದಲ್ಲಿ ತಲೆನೋವು ಕಂಡವರು ನೂರಕ್ಕೆ ಸುಮಾರು 64 ಮಂದಿ. ಮಿದುಳಿನ ಗಡ್ಡೆಯಾದರೋ, ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಎಂದರೆ, ಒಂದು ಲಕ್ಷ ಜನರಿರುವ ಪಟ್ಟಣದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಣೆ ಒತ್ತಿಕೊಳ್ಳುವಾಗ, ಗಡ್ಡೆಯಿರುವವರನ್ನು ಕೈಬೆರಳಲ್ಲಿ ಎಣಿಸಬಹುದು. ಮೊಬೈಲಿನ ಪಟ್ಟಿಯಲ್ಲಿ ಈ ತಾರತಮ್ಯವೇ ಕಾಣುವುದಿಲ್ಲ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ಇಬ್ಬರು ವಿಜ್ಞಾನಿಗಳು 2008ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತಲೆನೋವೆಂದು ಹುಡುಕಿದವರಿಗೆ, ಕಾಫಿ ಬಿಟ್ಟರೆ ಬರುವ ತಲೆನೋವಿನ ಮಾಹಿತಿ ಎಷ್ಟು ಸಿಕ್ಕಿತೋ ಮಿದುಳಿನ ಗಡ್ಡೆಯ ಮಾಹಿತಿಯೂ ಅಷ್ಟೇ ಸಿಕ್ಕಿತಂತೆ. ಈ ಬಗೆಯ ಹುಡುಕಾಟದ ಭೀತಿಗೆ ಇಂಗ್ಲಿಷಿನಲ್ಲಿ 'ಸೈಬರ್‌ಕಾಂಡ್ರಿಯಾ' ಎಂಬ ಹೆಸರೂ ಬಂದಿದೆ.

ಹೆಸರು ಹೊಸದು, ಭೀತಿ ಹಳೆಯದು. ಇಂಗ್ಲೆಂಡಿನ ಜೆರೋಮ್ ಕೆ. ಜೆರೋಮ್ 1889ರಲ್ಲಿ ಪ್ರಕಟಿಸಿದ ವಿನೋದ ಕಥನದಲ್ಲಿ, ಒಬ್ಬಾತ ಗ್ರಂಥಾಲಯದಲ್ಲಿ ವೈದ್ಯ ಪುಸ್ತಕವನ್ನು ತಿರುವಿಹಾಕಿ, ಒಂದೇ ಒಂದು ರೋಗ ಬಿಟ್ಟು ಮಿಕ್ಕೆಲ್ಲವೂ ತನಗಿವೆಯೆಂದು ಕಂಡುಕೊಳ್ಳುತ್ತಾನೆ. ನಮ್ಮಲ್ಲಿಯೂ ವೈದ್ಯವನ್ನೂ ವಿನೋದವನ್ನೂ ಒಟ್ಟಿಗೆ ಬಲ್ಲ ಒಬ್ಬರಿದ್ದರು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಹೊರಡಿಸಿದ ಡಾಕ್ಟರ್ ಎಂ. ಶಿವರಾಂ, ಎಂದರೆ 'ರಾಶಿ'ಯವರು. ನಗಿಸುವ ಲೇಖನಿಯಿಂದಲೇ ಅವರು ಮನಸ್ಸಿನ ವಿಚಾರವಾಗಿಯೂ ಬರೆದರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಇನ್ನು, ಭಯಪಟ್ಟವರಿಗೆ "ಏನೂ ಇಲ್ಲ, ಬರೀ ಭ್ರಮೆ" ಎಂದು ಹೇಳುವುದುಂಟಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಆಗುತ್ತಿರುವುದು ದೇಹದಲ್ಲಿಯೇ. ಹೆದರಿಕೆಯಾದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ವೇಗವಾಗುತ್ತದೆ. ಹೀಗೆ ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಬೆರಳ ತುದಿಗಳೂ ತುಟಿಯೂ ಜುಮುಜುಮು ಎನ್ನುತ್ತವೆ, ತಲೆ ಹಗುರವಾಗುತ್ತದೆ. ಎದೆ ಉರಿಯೆಂದು ಹುಡುಕಲು ಕೂತವರಿಗೆ ಈಗ ಹುಡುಕಲು ಇನ್ನೂ ಎರಡು ಲಕ್ಷಣ ಸಿಕ್ಕಿದವು!

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಭಯ ಎಲ್ಲರನ್ನೂ ಆಸ್ಪತ್ರೆಗೆ ಓಡಿಸುವುದಿಲ್ಲ. ಕೆಲವರನ್ನು ಮನೆಯಲ್ಲೇ ಕೂರಿಸಿಬಿಡುತ್ತದೆ. ಸ್ತನದಲ್ಲಿ ಸಣ್ಣದೊಂದು ಗಂಟು ಕೈಗೆ ಸಿಕ್ಕಿದ ಗೃಹಿಣಿಯನ್ನು ನೆನೆಯಿರಿ. ಎಲ್ಲರೂ ಮಲಗಿದ ಮೇಲೆ ಆಕೆ ಮೊಬೈಲಿನಲ್ಲಿ ಓದುತ್ತಾಳೆ, ಚಿತ್ರ ನೋಡುತ್ತಾಳೆ, ತೀರ್ಪನ್ನು ತಾನೇ ಬರೆದುಕೊಳ್ಳುತ್ತಾಳೆ. ಮಗಳ ಮದುವೆ ಮುಗಿಯಲಿ, ಆಮೇಲೆ ನೋಡೋಣವೆಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಂಥ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ ಎಂಬುದು ವೈದ್ಯರೆಲ್ಲ ಬಲ್ಲ ಸಂಗತಿ. ಕ್ಯಾನ್ಸರೇ ಆಗಿದ್ದರೂ ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೇ ಕೆಲಸ ಮಾಡುತ್ತ ಬಂದಿದೆ. ಆಕೆ ಕಳೆದುಕೊಳ್ಳುವುದು ಆ ತಿಂಗಳುಗಳನ್ನು. ಮನೆಯವರಲ್ಲಿ ಒಬ್ಬರು, ತಂಗಿಯೋ ಅತ್ತಿಗೆಯೋ, "ನಾನೂ ಬರ್ತೀನಿ, ನಾಳೆನೇ ಹೋಗಿ ತೋರಿಸೋಣ ಬಾರಕ್ಕ" ಎಂದರೆ ಎಷ್ಟೋ ಹಗುರವಾಗುತ್ತದೆ.

ತಡಮಾಡದೆ ಹೊರಡಬೇಕಾದ ಸಂದರ್ಭಗಳೂ ಇವೆ. ಎದೆಯ ನಡುವೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಮುಖದ ಒಂದು ಪಕ್ಕ ಜೋತುಬಿದ್ದರೆ, ಮಾತು ತೊದಲಿದರೆ, ಒಂದು ಕೈ ಎತ್ತಲಾಗದಿದ್ದರೆ ಆಗ ಹುಡುಕುವುದು ಬೇಡ. ಅದೇ ಮೊಬೈಲಿನಲ್ಲಿ 108 ಒತ್ತಿ. ಆ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಿಂದ ಇದೆ.

ಹುಡುಕುವ ಚಟವೇ ಬಿಡದೆ, ರಾತ್ರಿ ನಿದ್ದೆಗೂ ಹಗಲು ಕೆಲಸಕ್ಕೂ ಅಡ್ಡಬಂದರೆ ಅದಕ್ಕೂ ನೆರವುಂಟು. ಮೊಬೈಲು, ಇಂಟರ್ನೆಟ್ಟುಗಳ ಮಿತಿಮೀರಿದ ಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ಒಂದು ಚಿಕಿತ್ಸಾ ಕೇಂದ್ರವನ್ನು ತೆರೆಯಿತು. ಅಷ್ಟು ದೂರ ಹೋಗಲಾರದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಅದು. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಮಿಕ್ಕವರು ಒಂದು ಚೀಟಿ ಬರೆದಿಟ್ಟುಕೊಂಡರೆ ಸಾಕು. ಯಾವ ದಿನ ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ, ಯಾವ ಮಾತ್ರೆ ನುಂಗಿದ್ದೀರಿ. ಮೊಬೈಲಿನಲ್ಲಿ ಓದಿ ಹೆದರಿದ್ದರೆ ಆ ರೋಗದ ಹೆಸರನ್ನೂ ಕೊನೆಗೆ ಬರೆಯಿರಿ, ನಾಚಿಕೆ ಬೇಡ. ಅದನ್ನು ಓದಿದರೆ ವೈದ್ಯರಿಗೆ, ನಿಮ್ಮನ್ನು ಆಸ್ಪತ್ರೆಯವರೆಗೆ ಕರೆತಂದದ್ದು ಎದೆ ಉರಿಯೋ ಅದರ ಭಯವೋ ಎಂಬುದು ತಿಳಿಯುತ್ತದೆ.