ಪುಣೆಯ ಆಟದ ಸಂಘವು ಕಲಿಸುವ ಪಾಠ

ಸಂಘವೊಂದರ ಚರಿತ್ರೆಯು ಬರಿಯ ಗೆಲುವು ಸೋಲುಗಳ ಪಟ್ಟಿಯಲ್ಲವೆಂಬುದನ್ನು ಪುಣೆಯ ಹಿಂದೂ ಕ್ರಿಕೆಟ್ ಸಂಘದಿಂದ ನಾವು ಅರಿಯಬಹುದು. ನಮ್ಮ ಧಾರವಾಡದಲ್ಲಿ ಜನಿಸಿದ ಬಾಳೂ ಪಾಲವಣಕರರು ಪುಣೆಯ ಯುರೋಪಿಯನ್ನರ ಬಯಲಿನಲ್ಲಿ ದುಡಿಯುತ್ತ, ಅವರಿಗೆ ಚೆಂಡೆಸೆಯುತ್ತ ನಿಪುಣರಾದರು. ಅಸ್ಪೃಶ್ಯರೆನಿಸಿದ ಕುಲದ ಅವರನ್ನು ಹಿಂದೂ ಸಂಘವು ಬಹಳ ಚರ್ಚೆಯ ತರುವಾಯ ಸೇರಿಸಿಕೊಂಡಿತು. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ!

1906ರಲ್ಲಿ ಹಿಂದೂ ತಂಡವು ಮುಂಬಯಿಯಲ್ಲಿ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ಅದರಲ್ಲಿ ಬಾಳೂ ಅವರ ಪಾಲು ದೊಡ್ಡದು. 1911ರಲ್ಲಿ ಇಂಗ್ಲೆಂಡಿನಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದರು. ಆದರೂ ನಾಯಕಪದವಿಯು ಅವರಿಗೆ ದೊರೆಯಲಿಲ್ಲ. 1923ರಲ್ಲಿ ಅವರ ತಮ್ಮನಾದ ವಿಠ್ಠಲರಿಗೆ ದೊರೆಯಿತು. ಬಯಲಿನಲ್ಲಿ ಒಂದಾದವರು ಪಂಕ್ತಿಯಲ್ಲಿ ಬೇರೆಯಾದರೆ ಅಂಥದಕ್ಕೆ ಸಂಘವೆಂಬ ಹೆಸರು ಸಲ್ಲದು.